ಬೇಲಿ ಆಚೆಯ ರೋಗ, ಈಚೆಯ ತೋಟ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟವನ್ನು ಹೇಳುತ್ತವೆ. ರೋಗ ಇರುವುದು ಪಕ್ಕದವರ ಮರದಲ್ಲಿ, ಬೆಳೆ ಹೋಗುವುದು ನಮ್ಮದು, ಇದಕ್ಕೆ ಕಾನೂನು ಇಲ್ವಾ ಅಂತ. ಹಾಗಾಗಿ ಈ ಸಲ ಮದ್ದಿನ ಜೊತೆಗೆ ನಿಯಮಗಳನ್ನೂ ಬರೆಯುತ್ತಿದ್ದೇನೆ. ತೋಟಗಾರಿಕೆ ಇಲಾಖೆಯಲ್ಲಿದ್ದಾಗ ಇಂಥ ತಕರಾರುಗಳಿಗಾಗಿ ಘಟ್ಟದ ಮೇಲೂ ಕೆಳಗೂ ಸಾಕಷ್ಟು ಓಡಾಡಿದ್ದೇನೆ. ಈಗ ಶಿರಸಿ ಹತ್ತಿರ ನನ್ನದೇ ತೋಟ ನೋಡಿಕೊಂಡಿದ್ದೇನೆ. ಎರಡೂ ಕಡೆಯಿಂದ ಕಂಡದ್ದನ್ನು ಸೇರಿಸಿ ಉತ್ತರ ಕೊಡುತ್ತೇನೆ.

ಅಕ್ಕಾ, ನಮ್ಮದು ಎರಡು ಎಕರೆ ಅಡಿಕೆ ತೋಟ. ಮೇಲಿನ ತೋಟದವರು ಬೆಂಗಳೂರಲ್ಲಿದ್ದಾರೆ. ಮೂರು ವರ್ಷದಿಂದ ಕೊಳೆ ರೋಗಕ್ಕೆ ಮದ್ದು ಹೊಡೆಸಿಲ್ಲ. ಕೊಳೆತ ಕೊನೆಗಳು (ಅಡಿಕೆ ಗೊನೆಗಳು) ಮರದಲ್ಲೇ ಒಣಗಿ ನೇತಾಡುತ್ತಿವೆ. ನಾವು ಎರಡು ಸಲ ಮದ್ದು ಹೊಡೆಸಿದರೂ ಗಡಿ ಸಾಲಿನಲ್ಲಿ ಕಾಯಿ ಉದುರುವುದು ನಿಲ್ಲುತ್ತಿಲ್ಲ. ಅವರ ಮೇಲೆ ದೂರು ಕೊಡಬಹುದಾ?
ಸಿದ್ದಾಪುರದ ಓದುಗರು

ಕೊಡಬಹುದು ತಮ್ಮಾ. ಆದರೆ ದೂರಿನಿಂದ ಈ ಮಳೆಗಾಲದ ಬೆಳೆ ಉಳಿಯುವುದಿಲ್ಲ. ಮೊದಲು ಕಾನೂನು ಹೇಳುತ್ತೇನೆ, ಆಮೇಲೆ ಬೆಳೆ ಉಳಿಸುವ ದಾರಿ.

ಬೆಳೆಯ ರೋಗ, ಕೀಟ ಹರಡದಂತೆ ನೋಡಿಕೊಳ್ಳುವುದು ಜಮೀನು ಅನುಭವಿಸುವವರ ಹೊಣೆ ಅನ್ನುವ ಕಾಯ್ದೆ ನಮ್ಮಲ್ಲಿ ಹೊಸದಲ್ಲ. ಹಳೇ ಮೈಸೂರಿನಲ್ಲಿ 1917ರಲ್ಲೇ ಇತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬೈ ಕಡೆಗಿತ್ತು, ಅಲ್ಲಿ 1947ರಲ್ಲಿ ಬೇರೆ ಕಾಯ್ದೆ ಬಂತು. ಈಗ ಇಡೀ ರಾಜ್ಯಕ್ಕೆ ಇರುವುದು 1968ರ ಕರ್ನಾಟಕ ಕೃಷಿ ಪೀಡೆಗಳು ಮತ್ತು ರೋಗಗಳ ಕಾಯ್ದೆ. ಅದರ ನಡೆ ಸರಳ. ಸರ್ಕಾರ ಒಂದು ರೋಗವನ್ನೋ ಕೀಟವನ್ನೋ ಹೆಸರಿಸಿ, ಯಾವ ಪ್ರದೇಶದಲ್ಲಿ ಏನು ಮಾಡಬೇಕು ಅಂತ ಅಧಿಸೂಚನೆ ಹೊರಡಿಸುತ್ತದೆ. ಆ ಪ್ರದೇಶದಲ್ಲಿ ಜಮೀನು ಇರುವ ಪ್ರತಿಯೊಬ್ಬರೂ ಅದನ್ನು ಮಾಡಲೇಬೇಕು. ಮಾಡದವರಿಗೆ ಅಧಿಕಾರಿ ನೋಟಿಸ್ ಕೊಡಬಹುದು. ಆಗಲೂ ಮಾಡದಿದ್ದರೆ ತಾವೇ ಒಳಗೆ ಹೋಗಿ ಕೆಲಸ ಮಾಡಿಸಿ ಖರ್ಚನ್ನು ಅವರಿಂದ ವಸೂಲಿ ಮಾಡಬಹುದು.

ಗಮನಿಸಬೇಕಾದ್ದು ಆ ಅಧಿಸೂಚನೆ ಅನ್ನುವ ಮಾತು. ಅದು ಇಲ್ಲದೆ ಅಧಿಕಾರಿ ಯಾರ ತೋಟಕ್ಕೂ ಬಲವಂತವಾಗಿ ನುಗ್ಗುವಂತಿಲ್ಲ. ಹಾಗಾಗಿ ನಿಮ್ಮ ಅರ್ಜಿಯನ್ನು ತಾಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರಿಗೆ ಕೊಡಿ. ಅದರಲ್ಲಿ ಪಕ್ಕದವರನ್ನು ಬಯ್ಯಬೇಡಿ. ಎರಡೂ ತೋಟದ ಸರ್ವೆ ನಂಬರು, ಕೊಳೆತ ಕೊನೆಗಳ ಫೋಟೋ, ನೀವು ಮದ್ದು ಹೊಡೆಸಿದ ತಾರೀಕು, ಇಷ್ಟು ಇರಲಿ. ಊರಿನ ಹತ್ತು ಮನೆಯವರು ಒಟ್ಟಿಗೆ ಸಹಿ ಹಾಕಿದ ಅರ್ಜಿಗೆ ಸಿಗುವ ಬೆಲೆ ಒಬ್ಬರ ಅರ್ಜಿಗೆ ಸಿಗುವುದಿಲ್ಲ. ಸ್ವೀಕೃತಿ ತಗೊಳ್ಳದೆ ಮಾತ್ರ ಬರಬೇಡಿ.

ಈಗ ಬೆಳೆಯ ಮಾತು. ಮೇಲಿನ ತೋಟದವರು ಊರಲ್ಲಿಲ್ಲ ಅಂದಿರಿ, ಅವರಿಗೆ ಫೋನ್ ಮಾಡಿದ್ದೀರಾ? ಪತ್ರದಲ್ಲಿ ಆ ವಿಷಯ ಇಲ್ಲ. ನಾನು ಕಂಡಂತೆ ಇಂಥ ತೋಟಗಳು ಹಾಳು ಬೀಳುವುದು ಹಟದಿಂದಲ್ಲ. ಮರ ಹತ್ತಿ ಮದ್ದು ಹೊಡೆಯುವ, ಕೊನೆ ಇಳಿಸುವ ಕೊನೆಗೌಡ ಸಿಗುವುದಿಲ್ಲ, ಸಿಕ್ಕರೂ ನಿಂತು ಮಾಡಿಸುವವರಿಲ್ಲ. ನಿಮ್ಮ ತೋಟಕ್ಕೆ ಕೊನೆಗೌಡ ಬರುವ ದಿನವೇ ಅವರ ಗಡಿಯ ನಾಲ್ಕೈದು ಸಾಲಿಗೂ ಹೊಡೆಸುತ್ತೇನೆ, ಮೈಲುತುತ್ತದ (ಕಾಪರ್ ಸಲ್ಫೇಟಿನ) ದುಡ್ಡು, ಕೂಲಿ ಕಳಿಸಿ ಅಂತ ಕೇಳಿ ನೋಡಿ. ಹೆಚ್ಚಿನವರು ಒಪ್ಪುತ್ತಾರೆ. ಫಸಲನ್ನು ಗುತ್ತಿಗೆ ಕೊಟ್ಟಿದ್ದರೆ ಗುತ್ತಿಗೆ ಹಿಡಿದವರ ಹತ್ತಿರವೇ ಮಾತಾಡಿ. ಮುಂದಿನ ವರ್ಷದ ಕರಾರಿನಲ್ಲಿ ಕೊಳೆ ಮದ್ದು ಹೊಡೆಯಬೇಕು, ಕೊಳೆತ ಕೊನೆ ಇಳಿಸಬೇಕು ಅಂತ ಒಂದು ಸಾಲು ಸೇರಿಸಲು ಮಾಲೀಕರಿಗೆ ಹೇಳಿ. ಆ ಒಂದು ಸಾಲು ಎಷ್ಟೋ ಜಗಳ ತಪ್ಪಿಸುತ್ತದೆ.

ಮದ್ದು ಹೊಡೆದರೂ ಉದುರುವುದು ನಿಲ್ಲದ್ದಕ್ಕೆ ಪಕ್ಕದ ತೋಟ ಒಂದು ಕಾರಣ, ಒಪ್ಪುತ್ತೇನೆ. ಕೊಳೆಯ ರೋಗಾಣು ಫೈಟಾಫ್ತೊರಾ ಮಳೆ ಹನಿಯ ಎರಚಲಿನ ಜೊತೆ, ಗಾಳಿಯ ಜೊತೆ ಒಂದು ಕೊನೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಮರದಲ್ಲೇ ಒಣಗಿದ ಕೊನೆಯಲ್ಲಿ ಉಳಿದು ಮುಂದಿನ ಮಳೆಗೆ ಮತ್ತೆ ಏಳುತ್ತದೆ. ಆದರೂ ಒಂದು ಸಲ ನಿಮ್ಮ ಮದ್ದಿನ ಡ್ರಮ್ಮನ್ನೂ ನೋಡಿಕೊಳ್ಳಿ.

ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಅಂದರೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎಲ್ಲರಿಗೂ ಗೊತ್ತಿರುವ ಲೆಕ್ಕ. ಕೆಡುವುದು ಬೆರೆಸುವಾಗ. ಮೈಲುತುತ್ತವನ್ನು ಐವತ್ತು ಲೀಟರ್ ನೀರಲ್ಲಿ ಬೇರೆ ಕರಗಿಸಿ. ಸುಣ್ಣವನ್ನು ಐವತ್ತು ಲೀಟರಿನಲ್ಲಿ ಬೇರೆ ಕದಡಿ, ಸೋಸಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ಯುತ್ತಾ ಕೋಲಿನಿಂದ ಕಲಕುತ್ತಾ ಇರಿ. ಕಬ್ಬಿಣದ ಪಾತ್ರೆ ಬೇಡವೇ ಬೇಡ, ಪ್ಲಾಸ್ಟಿಕ್ ಡ್ರಮ್ ಆಗಬಹುದು. ಸರಿಯಾಗಿ ಬೆರೆತರೆ ತಿಳಿ ಆಕಾಶದ ನೀಲಿ ಬರುತ್ತದೆ. ಉಜ್ಜಿ ಹೊಳಪು ಬರಿಸಿದ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ತುಕ್ಕಿನ ಥರ ಕೆಂಪು ಬಂದರೆ ಹುಳಿ ಉಳಿದಿದೆ ಅಂತ ಅರ್ಥ, ಸುಣ್ಣದ ನೀರು ಇನ್ನಷ್ಟು ಬೇಕು. ಹಾಗೇ ಹೊಡೆದರೆ ಎಳೆ ಕಾಯಿ ಸುಟ್ಟು ಹೋಗುತ್ತದೆ. ಬಹಳ ಜನ ಇದನ್ನು ನೋಡಿ ಕೊಳೆ ಜಾಸ್ತಿ ಆಯ್ತು ಅಂದುಕೊಳ್ಳುತ್ತಾರೆ. ಹಳೇ ಸುಣ್ಣ ಗಾಳಿ ಹೊಡೆದು ಸತ್ವ ಕಳಕೊಂಡಿರುತ್ತದೆ, ಹಾಗಾಗಿ ಒಂದಕ್ಕೆ ಒಂದು ಲೆಕ್ಕ ಸಾಕಾಗದೆ ಹೋಗಬಹುದು. ಚಾಕು ಹೇಳಿದಷ್ಟು ಸುಣ್ಣ ಹಾಕಿ. ಬೆರೆಸಿದ್ದನ್ನು ಅದೇ ದಿನ ಮುಗಿಸಿ.

ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲೇ ಆಗಬೇಕು, ಅಂದರೆ ಮೇ ಕೊನೆ ಅಥವಾ ಜೂನ್ ಮೊದಲ ವಾರ. ಎರಡನೆಯದು 40ರಿಂದ 45 ದಿನಕ್ಕೆ. ಮಳೆ ಬಿಡದಿದ್ದರೆ ಮೂರನೆಯದೂ ಬೇಕು. ಕೊನೆಗೌಡ ಬಂದಾಗ ಹೊಡೆಸುತ್ತೇವೆ ಅಂತ ಕುಳಿತರೆ ಮದ್ದು ಹೋಗುವುದು ಆಗಲೇ ಕೊಳೆತ ಕಾಯಿಯ ಮೇಲೆ.

ಉದುರಿದ ಕಾಯಿಯನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಿ. ಕೊಳೆಯಿಂದ ಬಿದ್ದ ಕಾಯಿಗೆ ತೊಟ್ಟಿನ ಟೊಪ್ಪಿ ಇರುವುದಿಲ್ಲ, ಅದು ಮರದಲ್ಲೇ ಉಳಿದಿರುತ್ತದೆ. ತೊಟ್ಟಿನ ಸುತ್ತ ನೀರಲ್ಲಿ ನೆನೆದ ಹಾಗೆ ಕಡು ಹಸಿರು ಕಲೆ ಇರುತ್ತದೆ. ನೆಲದ ಮೇಲೆ ಬಿಟ್ಟರೆ ಬಿಳಿ ಬೂಸ್ಟು ಮುಚ್ಚುತ್ತದೆ. ಇಂಥ ಕಾಯಿಯನ್ನು ಕಾದಿಗೆಗೆ (ಬಸಿ ಕಾಲುವೆಗೆ) ಒದೆಯಬೇಡಿ, ಮರದ ಬುಡಕ್ಕೂ ಬಿಡಬೇಡಿ. ಹೆಕ್ಕಿ ತಂದು ಸುಡಿ. ಮಳೆಯಲ್ಲಿ ಸುಡಲು ಆಗದಿದ್ದರೆ ತೋಟದ ಹೊರಗೆ ಆಳವಾಗಿ ಹೂತುಬಿಡಿ. ಬೇಸಿಗೆಯಲ್ಲಿ ಮರದ ಮೇಲೆ ಒಣಗಿದ ಕೊನೆ ಒಂದೂ ಉಳಿಯದ ಹಾಗೆ ಇಳಿಸಿ. ಗಡಿ ಸಾಲಿಗೆ ಕೊಟ್ಟೆ, ಅಂದರೆ ಕೊನೆಗೆ ಮಳೆ ತಾಗದ ಹಾಗೆ ಹೊದಿಕೆ, ಕಟ್ಟಿಸಿದರೆ ಇನ್ನೂ ಒಳ್ಳೆಯದು. ಹಿಂದಿನವರು ಕರಡದ ಹುಲ್ಲಿನಲ್ಲಿ ಕಟ್ಟುತ್ತಿದ್ದರು, ಈಗ ಪ್ಲಾಸ್ಟಿಕ್ ಬಂದಿದೆ. ಮಳೆ ಹನಿ ಕೊನೆಗೆ ತಾಗದಿದ್ದರೆ ರೋಗಕ್ಕೆ ದಾರಿಯೇ ಇಲ್ಲ.

ಇನ್ನೊಂದು ಮಾತು. ಮದ್ದಿನ ಡ್ರಮ್, ಪಂಪನ್ನು ಹಳ್ಳದಲ್ಲಿ ತೊಳೆಯಬೇಡಿ. ಮೈಲುತುತ್ತದ ತಾಮ್ರ ಮೀನಿಗೆ ವಿಷ. ನಿಮ್ಮ ಹಳ್ಳದ ನೀರು ಅಘನಾಶಿನಿಗೆ ಹೋಗುತ್ತದೆ. ಅದರ ಅಳಿವೆಯಲ್ಲಿ ಮೀನು, ಚಿಪ್ಪು ಹಿಡಿದು ಬದುಕುವವರಿದ್ದಾರೆ. ತೊಳೆದ ನೀರನ್ನು ತೋಟದ ಒಳಗೇ ಚೆಲ್ಲಿ.

ವಿಮೆ ಇದೆ ಅಂತ ಮೂರನೇ ಸಿಂಪಡಣೆ ಬಿಡುವವರನ್ನೂ ನೋಡಿದ್ದೇನೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಲೆಕ್ಕಕ್ಕೆ ಬರುವುದು ಮಳೆ ಮಾಪಕದ ಅಂಕಿ. ನಿಮ್ಮ ತೋಟದಲ್ಲಿ ಎಷ್ಟು ಕೊನೆ ಕೊಳೆಯಿತು ಅಂತ ಯಾರೂ ಬಂದು ಎಣಿಸುವುದಿಲ್ಲ.

ಮೇಡಂ, ಪಕ್ಕದ ಮನೆಯವರ ಎರಡು ತೆಂಗಿನ ಮರ ಸುಳಿ ಸತ್ತು ಹಾಗೇ ನಿಂತಿವೆ. ಅವರ ಗೊಬ್ಬರ ಗುಂಡಿಯೂ ನಮ್ಮ ಗಡಿಗೆ ತಾಗಿಯೇ ಇದೆ. ನಮ್ಮ ಸಣ್ಣ ಗಿಡಗಳ ಗರಿ ಕತ್ತರಿಯಿಂದ ಕತ್ತರಿಸಿದ ಹಾಗಾಗಿದೆ. ಹೇಳಿದರೆ, ಮರ ಕಡಿಯಲು ಫಾರೆಸ್ಟಿನವರ ಪರವಾನಿಗೆ ಬೇಕು ಅನ್ನುತ್ತಾರೆ. ನಿಜವಾ?
ಹೊನ್ನಾವರದ ಓದುಗರು

ತೆಂಗಿಗೆ ಬೇಡ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಪರವಾನಿಗೆಯಿಂದ ವಿನಾಯಿತಿ ಪಡೆದ ಮರಗಳಲ್ಲಿ ತೆಂಗೂ ಇದೆ. ಗಾಳಿ ಮರ, ನೀಲಗಿರಿ, ಸಿಲ್ವರ್ ಓಕ್ ಕೂಡ ಅದೇ ಸಾಲಿನವು. ಈ ಪುಟವನ್ನೇ ಅವರಿಗೆ ತೋರಿಸಿ.

ನಿಮ್ಮ ಗಿಡದ ಗರಿ ಕತ್ತರಿಸಿದ್ದು ಕುರುವಾಯಿ ದುಂಬಿ. ತಲೆಯ ಮೇಲೆ ಒಂದು ಕೊಂಬಿರುವ ಕಪ್ಪು ದುಂಬಿ. ಅದು ಬಿಚ್ಚದ ಸುಳಿಯನ್ನು ಕೊರೆಯುತ್ತದೆ. ಗರಿ ಬಿಚ್ಚಿದಾಗ ಬೀಸಣಿಗೆ ಕತ್ತರಿಸಿದ ಹಾಗೆ ಕಾಣುವುದು ಅದಕ್ಕೇ. ಅದು ಮರಿ ಮಾಡುವುದು ನಿಮ್ಮ ಗಿಡದಲ್ಲಿ ಅಲ್ಲ, ಗೊಬ್ಬರ ಗುಂಡಿಯಲ್ಲಿ, ಸತ್ತು ಕೊಳೆಯುತ್ತಿರುವ ತೆಂಗಿನ ಕಾಂಡದಲ್ಲಿ. ಹೆಬ್ಬೆರಳು ಗಾತ್ರದ, ಸುರುಟಿ ಮಲಗಿದ ಬಿಳಿ ಗೊಬ್ಬರದ ಹುಳು ನೋಡಿರುತ್ತೀರಲ್ಲ, ಅದೇ ನಾಳೆಯ ದುಂಬಿ. ಅದು ಕೊರೆದ ಗಾಯದಲ್ಲಿ ಕೆಂಪು ಮೂತಿ ಹುಳು ಮೊಟ್ಟೆ ಇಡುತ್ತದೆ. ಇದು ಕಾಂಡದ ಒಳಗೇ ತಿನ್ನುವುದರಿಂದ, ಹೊರಗೆ ಗೊತ್ತಾಗುವಷ್ಟರಲ್ಲಿ ಮರ ಕೈಬಿಟ್ಟಿರುತ್ತದೆ.

ಆದ್ದರಿಂದ ಪಕ್ಕದವರ ಎರಡು ಸತ್ತ ಮರ ಬೀಳಿಸಲೇಬೇಕು. ಬೀಳಿಸಿ ಹಾಗೇ ಮಲಗಿಸಿ ಬಿಟ್ಟರೆ ನಿಂತ ಮರಕ್ಕಿಂತ ಕಷ್ಟ. ತುಂಡು ಮಾಡಿ ಸುಡಬೇಕು. ಕೂಲಿಗೆ ನಿಮ್ಮ ಕೈಯಿಂದ ಸ್ವಲ್ಪ ಕೊಡಬೇಕಾದರೂ ಕೊಟ್ಟುಬಿಡಿ. ನಿಮ್ಮ ಒಂದು ಫಲ ಕೊಡುವ ಮರ ಹೋದರೆ ಆಗುವ ನಷ್ಟಕ್ಕೆ ಅದು ಏನೂ ಅಲ್ಲ. ಗುಂಡಿಯ ಗೊಬ್ಬರವನ್ನು ತಿಂಗಳಿಗೊಮ್ಮೆ ತಿರುವಿ ಹುಳು ಆರಿಸಿದರೆ ಕೋಳಿಗಳಿಗೆ ಹಬ್ಬ. ಮೆಟಾರೈಜಿಯಂ ಅನ್ನುವ ಹಸಿರು ಬೂಸ್ಟು ಸಿಗುತ್ತದೆ, ತೋಟಗಾರಿಕೆ ಇಲಾಖೆಯಲ್ಲಿ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಅದನ್ನು ಗುಂಡಿಗೆ ಹಾಕಿ ತೇವ ಉಳಿಸಿಕೊಂಡರೆ ಹುಳುಗಳಿಗೆ ರೋಗ ಹಿಡಿಸಿ ಕೊಲ್ಲುತ್ತದೆ, ಗೊಬ್ಬರಕ್ಕೆ ಏನೂ ಆಗುವುದಿಲ್ಲ. ನಿಮ್ಮ ಸಣ್ಣ ಗಿಡಗಳ ಸುಳಿ ಹತ್ತಿರದ ಗರಿಗಳ ಕಂಕುಳಲ್ಲಿ ಮೂರು ನಾಲ್ಕು ನುಸಿಗುಳಿಗೆ ಇಟ್ಟು ಮರಳು ಮುಚ್ಚಿ. 45 ದಿನಕ್ಕೊಮ್ಮೆ ಬದಲಿಸಿ. ಬೇವಿನ ಹಿಂಡಿಗೆ ಎರಡು ಪಾಲು ಮರಳು ಬೆರೆಸಿ ತುಂಬಿದರೂ ಆಗುತ್ತದೆ.

ಮಾತಿಗೆ ಬಗ್ಗದಿದ್ದರೆ ಗ್ರಾಮ ಪಂಚಾಯತಿಗೆ ಬರೆದು ಕೊಡಿ. ಪಿಡಿಒ ಸ್ಥಳಕ್ಕೆ ಬಂದು ಇಬ್ಬರ ಎದುರಿಗೇ ಹೇಳಿದರೆ ಕೆಲಸ ಆಗುವುದು ಜಾಸ್ತಿ.

ನಮ್ಮ ಮನೆ ಹಿಂದೆ ಪಕ್ಕದವರ ಹಿತ್ತಿಲಲ್ಲಿ ಹಳೇ ಮಾವಿನ ಮರ ಇದೆ. ಬುಡದಲ್ಲಿ ದೊಡ್ಡ ಪೊಟರೆ, ಅಣಬೆ ಎದ್ದಿದೆ. ನಮ್ಮ ಮಾಡಿನ ಕಡೆಗೇ ವಾಲಿದೆ. ಮಳೆ ಬಂದರೆ ಮಕ್ಕಳನ್ನು ಆ ಕೋಣೆಯಲ್ಲಿ ಮಲಗಿಸುವುದಿಲ್ಲ. ಅವರು ಕಡಿಯುವುದೂ ಇಲ್ಲ, ಕಡಿಯಲು ಬಿಡುವುದೂ ಇಲ್ಲ.
ಕುಮಟಾದ ಓದುಗರು

ತಂಗೀ, ನಿಮ್ಮ ಪತ್ರಕ್ಕೆ ಅಂಚೆಯಲ್ಲೇ ಉತ್ತರ ಕಳಿಸಿದ್ದೇನೆ. ಬೇರೆಯವರಿಗೂ ಬೇಕಾಗಬಹುದು ಅಂತ ಇಲ್ಲಿ ಮತ್ತೆ ಬರೆಯುತ್ತೇನೆ.

ಬುಡದಲ್ಲಿ ಗಟ್ಟಿ ಅಣಬೆ ಎದ್ದಿದೆ ಅಂದರೆ ಒಳಗಿನ ತಿರುಳು ಕೊಳೆತಿದೆ ಅಂತ. ಎಲೆ ಹಸಿರಾಗಿದ್ದರೂ ನಂಬಬೇಡಿ. ಎಲೆಗೆ ನೀರು ಹೋಗುವುದು ಹೊರ ಪದರದಲ್ಲಿ, ಮರವನ್ನು ನಿಲ್ಲಿಸುವುದು ಒಳಗಿನ ಮರ. ಮರದ ಸುತ್ತಿಗೆಯಿಂದ ಬುಡದ ಸುತ್ತ ತಟ್ಟಿ ನೋಡಿದರೆ ಟೊಳ್ಳು ಎಲ್ಲಿದೆ ಅಂತ ಸದ್ದೇ ಹೇಳುತ್ತದೆ.

ವೃಕ್ಷ ಸಂರಕ್ಷಣಾ ಕಾಯ್ದೆ ಮರ ಉಳಿಸಲು ಇರುವುದು, ನಿಜ. ಆದರೆ ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಗಾಳಿಗೆ ಬಿದ್ದಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ಇದ್ದರೆ ಪರವಾನಿಗೆ ಕೊಡಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಮರದ ಮಾಲೀಕರು ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಟ್ಟರೆ ಸ್ಥಳ ಪರಿಶೀಲನೆ ಮಾಡುತ್ತಾರೆ. ಕಡಿದ ಮೇಲೆ ಬದಲಿ ಗಿಡ ನೆಡುವ ಹೊಣೆಯೂ ಇದೆ. ಅದನ್ನು ಸುಮ್ನೆ ಕಾಗದದ ಮೇಲೆ ಬಿಡಬೇಡಿ, ಮನೆಯಿಂದ ದೂರದಲ್ಲಿ ನೆಡಿ.

ಮಾಲೀಕರೇ ಅರ್ಜಿ ಕೊಡದಿದ್ದರೆ ನೀವು ಕುಮಟಾ ಉಪವಿಭಾಗಾಧಿಕಾರಿಗೆ ಕೊಡಿ. ಬೀಳುವ ಸ್ಥಿತಿಯಲ್ಲಿರುವ ಮರದಿಂದ ಅಕ್ಕಪಕ್ಕದವರಿಗೆ ಅಥವಾ ದಾರಿಹೋಕರಿಗೆ ಅಪಾಯ ಇದ್ದರೆ, ಅದನ್ನು ತೆಗೆಯಿರಿ ಅಂತ ಮಾಲೀಕರಿಗೆ ಆದೇಶ ಮಾಡುವ ಅಧಿಕಾರ ಅವರಿಗಿದೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ ಅನ್ನುತ್ತಿದ್ದರು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಆಗಿದೆ. ಅರ್ಜಿಯಲ್ಲಿ ಕಲಂ ಬರೆದರೆ ಗುಮಾಸ್ತರು ಅದನ್ನು ಸರಿಯಾದ ಮೇಜಿಗೆ ಕಳಿಸುತ್ತಾರೆ. ಮರದ ಬುಡದ, ವಾಲಿದ ಬದಿಯ, ನಿಮ್ಮ ಮಾಡಿನ ಫೋಟೋ ಮೂರೂ ಇರಲಿ. ವಿದ್ಯುತ್ ತಂತಿ ಹತ್ತಿರ ಇದ್ದರೆ ಹೆಸ್ಕಾಂ ಕಚೇರಿಗೂ ಒಂದು ಪ್ರತಿ ಕೊಡಿ.

ಒಂದು ಕೆಲಸ ಮಾತ್ರ ಮಾಡಬೇಡಿ. ರಾತ್ರಿ ಬುಡಕ್ಕೆ ಆಸಿಡ್ ಸುರಿಯುವುದು, ಸುತ್ತ ಸಿಪ್ಪೆ ಕೆತ್ತಿ ಒಣಗಿಸುವುದು ಕೆಲವು ಕಡೆ ನಡೆಯುತ್ತದೆ. ಕಾನೂನಿನ ಕಣ್ಣಲ್ಲಿ ಅದೂ ಮರ ಕಡಿದ ಹಾಗೆಯೇ. ಅದಕ್ಕಿಂತ ಹೆಚ್ಚಾಗಿ, ಒಣಗಿದ ಮರ ಹಸಿ ಮರಕ್ಕಿಂತ ಬೇಗ ಮುರಿದು ಬೀಳುತ್ತದೆ, ಬೀಳುವುದು ನಿಮ್ಮ ಮಾಡಿನ ಮೇಲೆಯೇ.

ಸೊಪ್ಪಿನ ಬೆಟ್ಟದಲ್ಲಿ ಎರಡು ಮರಕ್ಕೆ ಹುಳ ಹೊಡೆದು ಒಣಗುತ್ತಿವೆ. ಬೇರೆ ಮರಕ್ಕೆ ಹರಡುವ ಮೊದಲು ಕಡಿದು ಹಾಕಲಾ?
ಶಿರಸಿಯ ಓದುಗರು

ಕಡಿಯಬೇಡಿ. ನಮ್ಮ ಜಿಲ್ಲೆಯಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟಿದ್ದು ಸೊಪ್ಪು, ದರಕಿಗಾಗಿ (ಉದುರಿದ ಒಣ ಎಲೆಗಾಗಿ). ನೆಲ, ಮರ ಸರ್ಕಾರದ್ದೇ. ರೋಗ ಹಿಡಿದ ಮರ ಅನ್ನುವುದು ಅಲ್ಲಿ ನೆಪ ಆಗುವುದಿಲ್ಲ. ಅರಣ್ಯ ಇಲಾಖೆಗೆ ಬರೆದು ತಿಳಿಸಿ, ಅವರೇ ಬಂದು ನೋಡಲಿ. ಇನ್ನೊಂದು ವಿಷಯ, ಬೆಟ್ಟದಲ್ಲಿ ಒಂದೆರಡು ಒಣ ಮರ ಇರಲೇಬೇಕು. ಮರಕುಟಿಗ, ಮಂಗಟ್ಟೆ ಗೂಡು ಮಾಡುವುದು ಪೊಟರೆಯಲ್ಲಿ. ನಿಮ್ಮ ತೋಟದ ಹುಳ ತಿನ್ನುವ ಹಕ್ಕಿಗಳಲ್ಲೂ ಎಷ್ಟೋ ಇಂಥ ಮರದಲ್ಲೇ ಬೆಳೆದವು.

ಮಳೆ ಶುರುವಾದ ಕೂಡಲೇ ನಮ್ಮ ಸಾಗುವಾನಿ ಎಲೆಗಳನ್ನೆಲ್ಲ ಹುಳ ತಿಂದು ಮರ ಬೋಳಾಗಿದೆ. ಕೆಲವು ಎಲೆ ಬರೀ ನರದ ಬಲೆ. ಯಾವ ಔಷಧಿ ಹೊಡೆಯಲಿ?
ಯಲ್ಲಾಪುರದ ಓದುಗರು

ಯಾವುದೂ ಬೇಡ. ಬೋಳು ಮಾಡುವ ಹುಳ ಒಂದು, ಬಲೆ ಮಾಡುವ ಹುಳ ಇನ್ನೊಂದು. ಎರಡೂ ಸಾಗುವಾನಿಯ ಹಳೇ ನೆಂಟರು. ಮರ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ, ಆ ವರ್ಷದ ಬೆಳವಣಿಗೆ ಸ್ವಲ್ಪ ಕಡಿಮೆ ಆಗುತ್ತದೆ ಅಷ್ಟೇ. ಅಷ್ಟು ಎತ್ತರದ ಮರಕ್ಕೆ ವಿಷ ಹೊಡೆದರೆ ಅರ್ಧ ನಿಮ್ಮ ಮೈಮೇಲೆ, ಉಳಿದರ್ಧ ಬಾವಿಗೆ. ನರ್ಸರಿ ಸಸಿಗಳಲ್ಲಿ ಕಂಡರೆ ಕೈಯಲ್ಲೇ ಆರಿಸಿ ತೆಗೆಯಿರಿ.

ನಮ್ಮ ಕರಿ ಈಶಾಡ್ ಮಾವಿನ ಮರಕ್ಕೆ ಬಂದಳಿಕೆ ಹತ್ತಿದೆ. ತೆಗೆದಷ್ಟೂ ಬರುತ್ತದೆ.
ಅಂಕೋಲಾದ ಓದುಗರು

ಕೈಯಿಂದ ಕಿತ್ತರೆ ಬರುತ್ತಲೇ ಇರುತ್ತದೆ. ಅದರ ಬೇರು ಕೊಂಬೆಯ ಒಳಗಿದೆ. ಅಂಟಿಕೊಂಡ ಜಾಗದಿಂದ ಒಂದು ಮೊಳ ಹಿಂದಕ್ಕೆ, ಅಂದರೆ ಕಾಂಡದ ಕಡೆಗೆ, ಆ ಕೊಂಬೆಯನ್ನೇ ಕತ್ತರಿಸಿ. ಗಾಯಕ್ಕೆ ಬೋರ್ಡೋ ಮುಲಾಮು ಬಳಿಯಿರಿ. ಬಂದಳಿಕೆ ಹಣ್ಣು ಬಿಡುವ ಮೊದಲೇ ಈ ಕೆಲಸ ಆಗಬೇಕು. ಅದರ ಹಣ್ಣು ತಿನ್ನುವ ಪುಟ್ಟ ಹಕ್ಕಿ ಅಂಟು ಬೀಜವನ್ನು ಪಕ್ಕದ ಕೊಂಬೆಗೆ ಒರೆಸಿ ಹೋಗುತ್ತದೆ. ಹಾಗಾಗಿ ಇಡೀ ಕೇರಿಯ ಮಾವಿನ ಮರಗಳಿಂದ ಒಂದೇ ವಾರದಲ್ಲಿ ತೆಗೆದರೆ ಮಾತ್ರ ಪ್ರಯೋಜನ. ನಿಮ್ಮ ಅಂಕೋಲಾದ ಕರಿ ಈಶಾಡಿಗೆ 2023ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿದೆ. ಹಳೇ ಮರಗಳು ಒಂದೊಂದೂ ಮುಂದಿನ ಕಸಿಗೆ ತಾಯಿ. ದಯವಿಟ್ಟು ಬಂದಳಿಕೆಗೆ ಬಿಟ್ಟುಕೊಡಬೇಡಿ.

ಗೇರು ಹೂ ಬಿಡುವ ಹೊತ್ತಿಗೆ ನಮ್ಮ ಪಕ್ಕದವರು ಪವರ್ ಸ್ಪ್ರೇಯರಿನಲ್ಲಿ ವಿಷ ಹೊಡೆಯುತ್ತಾರೆ. ಗಾಳಿಗೆ ನಮ್ಮ ಬಾವಿ ತನಕ ಬರುತ್ತದೆ. ಎಂಡೋಸಲ್ಫಾನ್ ಕಂಡ ಊರು ನಮ್ಮದು ಮೇಡಂ, ಭಯ ಆಗುತ್ತದೆ. ಹೇಳಿದರೆ ಇದು ಅದಲ್ಲ ಅನ್ನುತ್ತಾರೆ.
ಭಟ್ಕಳದ ಓದುಗರು

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಎಂಡೋಸಲ್ಫಾನ್ ಅನ್ನುವ ಕೀಟನಾಶಕವನ್ನು 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ನಿಲ್ಲಿಸಿತು. ಅದರಿಂದ ಬಾಧೆಗೆ ಒಳಗಾದವರು ನಮ್ಮ ಕರಾವಳಿಯಲ್ಲಿ ಇವತ್ತಿಗೂ ಮಾಸಾಶನ ಪಡೆಯುತ್ತಿದ್ದಾರೆ. ಅಂಥ ನೆಲದಲ್ಲಿ ವಿಷ ಹೊಡೆಯುವವರು ಅಕ್ಕಪಕ್ಕದವರಿಗೆ ಹೇಳದೆ ಹೊಡೆಯುವುದು ತಪ್ಪು, ಡಬ್ಬದ ಮೇಲೆ ಯಾವ ಹೆಸರೇ ಇರಲಿ.

ಡಬ್ಬ ನೋಡಲು ಕೇಳಿ. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ನೋಂದಣಿಯಾದ ಔಷಧಿಯನ್ನೇ, ಪರವಾನಿಗೆ ಇರುವ ಅಂಗಡಿಯವರೇ ಮಾರಬೇಕು. ಡಬ್ಬದ ಮೇಲೆ ಬಣ್ಣದ ಗುರುತು ಇರಬೇಕು. ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಯಾವ ಬೆಳೆಗೆ, ಎಷ್ಟು ಅಳತೆ ಅಂತ ಚೀಟಿಯಲ್ಲಿ ಬರೆದಿರುತ್ತದೆ. ಗೇರಿಗೆ ಅಂತ ಬರೆಯದ ಔಷಧಿ ಗೇರಿಗೆ ಹೊಡೆಯಬಾರದು. ಅನುಮಾನ ಬಂದರೆ ಕೃಷಿ ಇಲಾಖೆಯ ಕೀಟನಾಶಕ ಪರಿವೀಕ್ಷಕರಿಗೆ ತಿಳಿಸಿ. ಮಾದರಿ ತೆಗೆದು ಪರೀಕ್ಷೆಗೆ ಕಳಿಸುವ ಅಧಿಕಾರ ಅವರದು.

ಪಕ್ಕದವರಿಗೂ ಒಂದು ಮಾತು. ಅವರು ಹೊಡೆಯುತ್ತಿರುವುದು ಟೀ ಸೊಳ್ಳೆಗೆ ಇರಬೇಕು. ಅದು ಎಳೆ ಚಿಗುರು, ಹೂಗೊಂಚಲಿನ ರಸ ಹೀರುತ್ತದೆ. ಹೀರಿದ ಜಾಗ ಕಪ್ಪಾಗಿ ಗೊಂಚಲು ಸುಟ್ಟ ಹಾಗೆ ಆಗುತ್ತದೆ. ಬೆಳೆ ಹೋಗುತ್ತದೆ ಅನ್ನುವ ಅವರ ಆತಂಕ ಸುಳ್ಳಲ್ಲ. ಆದರೆ ಕೀಟ ಇದೆಯೋ ಇಲ್ಲವೋ ನೋಡದೆ ತಾರೀಕು ನೋಡಿ ಹೊಡೆಯಬಾರದು. ಬೆಳಗ್ಗೆ ಹೊತ್ತು ಹೂವಿಗೆ ಜೇನು ಬರುತ್ತದೆ, ಆಗ ಬೇಡ. ಸಂಜೆ, ಗಾಳಿ ನಿಂತ ಮೇಲೆ, ಬಾವಿಗೆ ಹೊದಿಕೆ ಹಾಕಿದ ಮೇಲೆ ಹೊಡೆಯಲಿ. ಹಿಂದಿನ ದಿನವೇ ನಿಮಗೆ ಹೇಳಲಿ.

ಮರದಲ್ಲಿ ಚಗಳಿ ಇರುವೆ ಇದ್ದರೆ ಅದನ್ನು ಉಳಿಸಿಕೊಳ್ಳಿ ಅಂತಲೂ ಹೇಳಿ. ಹಸಿರೆಲೆಗಳನ್ನು ಹೊಲಿದು ಗೂಡು ಮಾಡುವ ಕೆಂಪು ಇರುವೆ. ಗೇರು ಬೀಜ ಹೆಕ್ಕುವಾಗ ಕಚ್ಚುತ್ತದೆ ಅಂತ ಜನ ಅದನ್ನು ಸುಡುತ್ತಾರೆ. ಅದು ಓಡಾಡುವ ಮರದಲ್ಲಿ ಟೀ ಸೊಳ್ಳೆ ನೆಲೆ ನಿಲ್ಲುವುದು ಕಡಿಮೆ. ಮರದಿಂದ ಮರಕ್ಕೆ ಹಗ್ಗ ಕಟ್ಟಿಕೊಟ್ಟರೆ ತಾನೇ ಹಬ್ಬುತ್ತದೆ. ವಿಷ ಹೊಡೆದಾಗ ಮೊದಲು ಸಾಯುವುದೂ ಅದೇ.

ಗೇರಿನ ಬುಡದಲ್ಲಿ ಅಂಟು ಸುರಿದು ಮರದ ಹೊಟ್ಟು ಉದುರಿದ್ದರೆ ಅದು ಬೇರೆ ಕತೆ. ಕಾಂಡ ಮತ್ತು ಬೇರು ಕೊರಕ. ಸಿಂಪಡಣೆಯಿಂದ ಅದು ಹೋಗುವುದಿಲ್ಲ. ಉಳಿಯಿಂದ ಸಿಪ್ಪೆ ಎಬ್ಬಿಸಿ ಹುಳ ತೆಗೆಯಬೇಕು. ಎಲೆ ಹಳದಿಯಾಗಿ, ಬುಡದ ಸಿಪ್ಪೆ ಅರ್ಧಕ್ಕಿಂತ ಜಾಸ್ತಿ ಹೋಗಿದ್ದರೆ ಆ ಮರವನ್ನು ಬೇರು ಸಮೇತ ತೆಗೆದು ಸುಡಬೇಕು. ಅದನ್ನು ಹಾಗೇ ನಿಲ್ಲಿಸಿದರೆ ಸುತ್ತಲಿನ ಮರಗಳಿಗೆ ಅಲ್ಲಿಂದಲೇ ದುಂಬಿ ಹೊರಡುತ್ತದೆ.

ಸತ್ತ ಅಡಿಕೆ ಮರಗಳ ಜಾಗಕ್ಕೆ ಹೊಸ ಸಸಿ ನೆಡಬೇಕು. ಹೊರ ಜಿಲ್ಲೆಯಿಂದ ಕಡಿಮೆ ದರಕ್ಕೆ ಲಾರಿಯಲ್ಲಿ ಸಸಿ ತರಿಸುತ್ತೇವೆ ಅಂತ ಒಬ್ಬರು ಹೇಳಿದ್ದಾರೆ. ತಗೊಳ್ಳಬಹುದಾ?
ಶಿರಸಿಯ ಓದುಗರು

ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಸಸಿ ತೋಟದೊಳಗೆ ತರಬೇಡಿ. ಎಲೆಚುಕ್ಕಿ ರೋಗ ಮಲೆನಾಡಿನಲ್ಲಿ ಎಷ್ಟು ಬೇಗ ಹಬ್ಬಿತು ಅಂತ ಎಲ್ಲರೂ ನೋಡಿದ್ದೇವೆ. ಹಳದಿ ಎಲೆ ರೋಗಕ್ಕಂತೂ ಮದ್ದೇ ಇಲ್ಲ. ಶೃಂಗೇರಿ, ಕೊಪ್ಪ, ಸುಳ್ಯ ಕಡೆ ತೋಟಕ್ಕೆ ತೋಟವೇ ಹೋಗಿದೆ. ರೋಗದ ಊರಿನಿಂದ ಗಿಡ ಸಾಗಿಸುವುದನ್ನು ತಡೆಯುವ ಅಧಿಕಾರ ಸರ್ಕಾರಕ್ಕೆ 1914ರ ಕೇಂದ್ರ ಕಾಯ್ದೆಯಿಂದಲೇ ಇದೆ. ಆದರೆ ಬನವಾಸಿ ರಸ್ತೆಯಲ್ಲಿ ರಾತ್ರಿ ಬರುವ ಲಾರಿಯನ್ನು ಹತ್ತಿ ಎಲೆ ತಿರುವಿ ನೋಡುವವರು ಯಾರೂ ಇಲ್ಲ. ನೋಡಬೇಕಾದವರು ನೀವೇ.

ನಿಮ್ಮ ಊರಿನಲ್ಲೇ ರೋಗ ಇಲ್ಲದ, ಚೆನ್ನಾಗಿ ಫಲ ಕೊಡುವ, ನಡುವಯಸ್ಸಿನ ಮರ ಆರಿಸಿ ಅದರ ಗೋಟು, ಅಂದರೆ ಹಣ್ಣಾದ ಬಿತ್ತನೆ ಅಡಿಕೆ, ಹಾಕಿ. ವರ್ಷ ಕಾಯಬೇಕಾಗುತ್ತದೆ, ಕಾಯಿರಿ. ಕಾಯಲು ಆಗದಿದ್ದರೆ ತೋಟಗಾರಿಕೆ ಇಲಾಖೆಯ ನರ್ಸರಿಯಲ್ಲೋ ಸಂಶೋಧನಾ ಕೇಂದ್ರದಲ್ಲೋ ಬಿಲ್ಲಿನ ಜೊತೆ ತಗೊಳ್ಳಿ. ತಂದ ಸಸಿಯ ಕೆಳಗಿನ ಎಲೆಯನ್ನು ಬೆಳಕಿಗೆ ಹಿಡಿಯಿರಿ. ಹಳದಿ ಅಂಚಿನ ಸಣ್ಣ ಕಂದು ಚುಕ್ಕಿ ಕಂಡರೆ ಹಿಂದಕ್ಕೆ ಕಳಿಸಿ. ಚೆನ್ನಾಗಿ ಕಂಡ ಸಸಿಯನ್ನೂ ಕೂಡಲೇ ತೋಟಕ್ಕೆ ಒಯ್ಯದೆ ಸ್ವಲ್ಪ ದಿನ ಅಂಗಳದ ಬದಿಯಲ್ಲಿ ಬೇರೆ ಇಟ್ಟು ನೋಡಿ. ತೋಟದ ಮರದಲ್ಲೇ ಚುಕ್ಕಿ ಇದ್ದರೆ ಆ ಕೆಳಗಿನ ಸೋಗೆ ಕತ್ತರಿಸಿ ಸುಟ್ಟ ಮೇಲೆ ನೆಡುವ ಕೆಲಸ ಹಿಡಿಯಿರಿ. ಅಕ್ಕಪಕ್ಕದವರಿಗೂ ಸಸಿ ಬೇಕಿದ್ದರೆ ಎಲ್ಲರ ಪಟ್ಟಿ ಮಾಡಿ ನರ್ಸರಿಗೆ ಈಗಲೇ ಬರೆಸಿ. ಮಳೆಗಾಲದ ಹೊತ್ತಿಗೆ ಹೋದರೆ ಅಲ್ಲಿ ಸಸಿ ಉಳಿದಿರುವುದಿಲ್ಲ.